ಮಂಡಿ ಬದಲಿಸಿದ ಮೇಲೆ ಕಾಲು ಎಷ್ಟು ನೆಟ್ಟಗಿರಬೇಕು?

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಓಡಾಡುವ ಜೀಪಿನ ಟೈರು ಒಂದೇ ಬದಿಗೆ ಸವೆದಿದ್ದರೆ, ಗ್ಯಾರೇಜಿನವರು ಹೆಚ್ಚೇನೂ ವಿಚಾರಿಸದೆ ವೀಲ್ ಅಲೈನ್‌ಮೆಂಟ್ ಮಾಡಿಸಿ ಎನ್ನುತ್ತಾರೆ. ನಮ್ಮ ಅತ್ತೆಯವರ ಎಡಮಂಡಿಯ ಎಕ್ಸ್‌ರೇ ನೋಡಿದ ಮೂಳೆ ವೈದ್ಯರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಒಳಬದಿಯ ಮೃದ್ವಸ್ಥಿ (ಕಾರ್ಟಿಲೇಜ್) ಪೂರ್ತಿ ಸವೆದು ಮೂಳೆಗೆ ಮೂಳೆ ತಾಗುತ್ತಿತ್ತು, ಹೊರಬದಿ ಮಾತ್ರ ಇನ್ನೂ ಗಟ್ಟಿಯಾಗಿಯೇ ಇತ್ತು, ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ಸವೆದ ಮಂಡಿಯನ್ನು ಬದಲಿಸುವಾಗ ಕಾಲನ್ನೂ ನೆಟ್ಟಗೆ ಮಾಡುತ್ತೇವೆ ಎಂಬ ಅವರ ಮಾತು ನಮಗೆಲ್ಲ ಸಹಜವಾಗಿಯೇ ಕಂಡಿತು. ಆದರೆ ಜೀಪಿನ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಸಾಗುತ್ತದೆ. ಜೀಪಿನ ಚಕ್ರ ಯಾವ ಕೋನದಲ್ಲಿರಬೇಕು ಎಂಬುದನ್ನು ಕಾರ್ಖಾನೆಯವರು ಬರೆದುಕೊಟ್ಟಿರುತ್ತಾರೆ. ಕಾಲಿನ ವಿಷಯದಲ್ಲಿ ಅಂಥದೊಂದು ಬರಹವಿಲ್ಲ.

ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ, ಗಾರೆ ಕೆಲಸದವರು ತೂಗುಗುಂಡು ಇಳಿಬಿಟ್ಟ ಹಾಗೆ, ಒಂದು ನೇರ ಗೆರೆ ಎಳೆದರೆ ಅದನ್ನು ಕಾಲಿನ ಯಾಂತ್ರಿಕ ಅಕ್ಷ ಎನ್ನುತ್ತಾರೆ. ಈ ಗೆರೆ ಮಂಡಿಯ ನಡುವೆ ಹಾದರೆ ಕಾಲು ನೇರ. ಮಂಡಿಯ ಒಳಬದಿಗೆ ಸರಿದಷ್ಟೂ ಕಾಲು ಬಿಲ್ಲಾಗುತ್ತದೆ, ಹೊರಬದಿಗೆ ಸರಿದಷ್ಟೂ ಎರಡು ಮಂಡಿಗಳು ಒಂದಕ್ಕೊಂದು ತಾಗುವಂತಾಗುತ್ತವೆ. ತೊಡೆಮೂಳೆ ಈ ಗೆರೆಯ ಉದ್ದಕ್ಕೂ ಇರುವುದಿಲ್ಲ. ಸುಮಾರು 6 ಡಿಗ್ರಿ ಓರೆಯಾಗಿರುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸಕರು ಆ ಓರೆಯನ್ನು ಲೆಕ್ಕಹಿಡಿದೇ ಮೂಳೆಯ ತುದಿಯನ್ನು ಕತ್ತರಿಸಬೇಕು. ಕತ್ತರಿಸಿದ ತುದಿಗಳಿಗೆ ಲೋಹದ ಭಾಗಗಳನ್ನು ಕೂರಿಸುತ್ತಾರೆ. ಮೇಲಿನ ಲೋಹಕ್ಕೂ ಕೆಳಗಿನ ಲೋಹಕ್ಕೂ ನಡುವೆ ಕೂರುವ ಪಾಲಿಎಥಿಲಿನ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆಯೇ ಇನ್ನು ಮುಂದೆ ಮೃದ್ವಸ್ಥಿಯ ಕೆಲಸ ಮಾಡಬೇಕಾದದ್ದು.

ಆ ಬಿಲ್ಲೆಯ ಮೇಲೆ ಬೀಳುವ ಭಾರ ನಮ್ಮ ಊಹೆಗಿಂತ ಹೆಚ್ಚು. ಬರ್ಲಿನ್‌ನ ಸಂಶೋಧಕರು ಕೃತಕ ಮಂಡಿಯೊಳಗೇ ಸಂವೇದಕಗಳನ್ನು ಇರಿಸಿ ಅಳೆದಾಗ, ಸಮನೆಲದ ಮೇಲೆ ನಡೆಯುವಾಗ ದೇಹದ ತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟು ಬಲ ಮಂಡಿಯ ಮೇಲೆ ಬೀಳುವುದು ಕಂಡುಬಂತು. ತೋಟದ ಇಳಿಜಾರಿನಲ್ಲಿ ಕಾಫಿ ಹಣ್ಣಿನ ಚೀಲ ಹೊತ್ತು ಇಳಿಯುವವರ ಮಂಡಿಯ ಪಾಡನ್ನು ಇದರಿಂದ ಅಂದಾಜು ಮಾಡಬಹುದು. ಇಷ್ಟು ಬಲ ಒಂದೇ ಬದಿಗೆ ಬಿದ್ದರೆ ಬಿಲ್ಲೆ ಅಲ್ಲೇ ಸವೆಯುತ್ತದೆ, ಲೋಹವನ್ನು ಮೂಳೆಗೆ ಅಂಟಿಸಿದ ಸಿಮೆಂಟಿನ ಹಿಡಿತ ಸಡಿಲವಾಗುತ್ತದೆ ಎಂಬ ಭಯದಿಂದಲೇ, 1970ರ ದಶಕದಲ್ಲಿ ಜಾನ್ ಇನ್ಸಾಲ್, ಮೈಕೆಲ್ ಫ್ರೀಮನ್ ಮೊದಲಾದ ಶಸ್ತ್ರಚಿಕಿತ್ಸಕರು ಮಂಡಿಯ ಮೇಲಿನ, ಕೆಳಗಿನ ಎರಡೂ ಮೂಳೆಗಳನ್ನು ಯಾಂತ್ರಿಕ ಅಕ್ಷಕ್ಕೆ ಲಂಬವಾಗಿ ಕತ್ತರಿಸಿ, ಎಲ್ಲ ಕಾಲುಗಳನ್ನೂ ಒಂದೇ ಸಮನಾಗಿ ನೇರ ಮಾಡುವ ಪದ್ಧತಿಯನ್ನು ನೆಲೆಗೊಳಿಸಿದರು. 1991ರಲ್ಲಿ ಬ್ರಿಟನ್ನಿನಿಂದ ಬಂದ ಒಂದು ಅಧ್ಯಯನ ಇದಕ್ಕೆ ಬಲವಾದ ಆಧಾರ ಒದಗಿಸಿತು. ಅಲ್ಲಿ ಪರಿಶೀಲಿಸಿದ 115 ಕೃತಕ ಮಂಡಿಗಳ ಪೈಕಿ, ಗುರಿಯಿಂದ 3 ಡಿಗ್ರಿಯೊಳಗೆ ಇದ್ದವುಗಳಲ್ಲಿ ಸಡಿಲವಾದವು ಶೇ. 3 ಮಾತ್ರ, ಅದರಾಚೆ ಹೋದವುಗಳಲ್ಲಿ ಶೇ. 24. ಅಲ್ಲಿಂದ ಮುಂದೆ 3 ಡಿಗ್ರಿ ಎಂಬುದು ಲಕ್ಷ್ಮಣರೇಖೆಯಂತೆ ಉಳಿದುಬಿಟ್ಟಿತು.

ಆ ರೇಖೆಯನ್ನು ಅಲುಗಾಡಿಸಿದ್ದು 2010ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಿಂದ ಪ್ರಕಟವಾದ ಅಧ್ಯಯನ. ಇನ್ನೂ ಉತ್ತಮವಾದ ವಿನ್ಯಾಸದ 398 ಮಂಡಿಗಳನ್ನು 15 ವರ್ಷಗಳವರೆಗೆ ಗಮನಿಸಿದಾಗ, ರೇಖೆಯೊಳಗಿನ ಕಾಲುಗಳು ಹೊರಗಿನವುಗಳಿಗಿಂತ ಹೆಚ್ಚು ಕಾಲ ಬಾಳಲಿಲ್ಲ. ಇದನ್ನು ಓದಿ ಜೋಡಣೆಯ ಕೋನ ಲೆಕ್ಕಕ್ಕೇ ಇಲ್ಲ ಎಂದುಕೊಂಡರೆ ಅದು ಅವಸರದ ತೀರ್ಮಾನ. ಹೆಚ್ಚು ಓರೆಯಾಗಿ ಕೂತ ಕೀಲು, ಅದರಲ್ಲೂ ಕೆಳಗಿನ ಭಾಗ ಬಿಲ್ಲಿನ ಕಡೆಗೆ ವಾಲಿದ್ದು, ಜೊತೆಗೆ ರೋಗಿಯ ತೂಕವೂ ಹೆಚ್ಚಿದ್ದರೆ, ಬೇಗ ಕೆಡುತ್ತದೆ ಎಂಬುದನ್ನು ಬೇರೆ ದೊಡ್ಡ ಅಧ್ಯಯನಗಳು ತೋರಿಸಿವೆ. ಅಲುಗಾಡಿದ್ದು ಒಂದೇ ಅಂಕಿಯ ಗೆರೆ ಎಲ್ಲರಿಗೂ ಒಪ್ಪುತ್ತದೆ ಎಂಬ ನಂಬಿಕೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಪ್ರಶ್ನೆ. ಕೀಲು ಬಾಳಿಕೆ ಬಂತೇ ಎಂಬುದು ಒಂದು ಫಲಿತಾಂಶವಾದರೆ, ಆ ಕಾಲು ಅದರ ಒಡೆಯರಿಗೆ ಒಗ್ಗಿತೇ ಎಂಬುದು ಬೇರೆಯದೇ ಫಲಿತಾಂಶ. ಮಂಡಿ ಬದಲಿಸಿಕೊಂಡವರಲ್ಲಿ ಸುಮಾರು ಐದರಲ್ಲಿ ಒಬ್ಬರು, ಎಕ್ಸ್‌ರೇ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಪೂರ್ತಿ ತೃಪ್ತರಾಗಿರುವುದಿಲ್ಲ ಎಂದು ಹಲವು ಸಮೀಕ್ಷೆಗಳು ಹೇಳಿವೆ. ಇದಕ್ಕೆ ಕಾರಣಗಳು ಹಲವು, ಆಪರೇಷನ್‌ನ ಮುಂಚಿನ ನಿರೀಕ್ಷೆಯೂ ಅದರಲ್ಲೊಂದು. ಇನ್ನೊಂದು ಕಾರಣದ ಸುಳಿವು 2012ರಲ್ಲಿ ಬೆಲ್ಜಿಯಂನಿಂದ ಬಂತು. ಅಲ್ಲಿ ಮಂಡಿನೋವೇ ಇಲ್ಲದ 250 ಯುವಕ ಯುವತಿಯರ ಕಾಲುಗಳನ್ನು ಅಳೆದರೆ, ಗಂಡಸರಲ್ಲಿ ಶೇ. 32, ಹೆಂಗಸರಲ್ಲಿ ಶೇ. 17 ಮಂದಿಯ ಕಾಲು ಸಹಜವಾಗಿಯೇ 3 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಿಲ್ಲಾಗಿತ್ತು. ಬೆಳೆಯುವ ವಯಸ್ಸಿನಿಂದಲೂ ಹಾಗೆಯೇ ಇದ್ದ ಕಾಲಿನ ಅಸ್ಥಿರಜ್ಜುಗಳು (ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಲಿಗಮೆಂಟ್‌ಗಳು), ಸ್ನಾಯುಗಳು ಆ ಬಾಗಿಗೆ ತಕ್ಕ ಉದ್ದದಲ್ಲಿ ಹೊಂದಿಕೊಂಡಿರುತ್ತವೆ. ಅಂಥ ಕಾಲನ್ನು ಕಡ್ಡಿಯಂತೆ ನೇರ ಮಾಡಬೇಕಾದರೆ ಒಳಬದಿಯ ಅಸ್ಥಿರಜ್ಜುವನ್ನು ಸಡಿಲಿಸಬೇಕಾಗುತ್ತದೆ, ಅಂದರೆ ರೋಗವಿಲ್ಲದ ಭಾಗಕ್ಕೂ ಕತ್ತರಿ ಬೀಳುತ್ತದೆ.

ಈ ಯೋಚನೆಯ ಇನ್ನೊಂದು ತುದಿಯನ್ನು ಹಿಡಿದವರು ಅಮೆರಿಕದ ಶಸ್ತ್ರಚಿಕಿತ್ಸಕ ಸ್ಟೀಫನ್ ಹೊವೆಲ್. ಸವೆಯುವ ಮುಂಚೆ ಆ ಕಾಲಿಗಿದ್ದ ಗೆರೆಯನ್ನೇ ಮರಳಿ ಕೊಡುವುದು ಅವರ ಪದ್ಧತಿ. ಅದರಲ್ಲಿ ಕೂರಿಸುವ ಲೋಹ ಎಷ್ಟು ದಪ್ಪವೋ ಅಷ್ಟೇ ಮೂಳೆಯನ್ನು ತೆಗೆಯುತ್ತಾರೆ. ಆಗಲೇ ಸವೆದುಹೋದ ಮೃದ್ವಸ್ಥಿಯ ಸುಮಾರು 2 ಮಿಲಿಮೀಟರನ್ನೂ ಗರಗಸದ ಅಲಗಿನ ದಪ್ಪವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಹಳೆಯ ಗೆರೆ ಗೊತ್ತಾಗುವುದು ಹೇಗೆ ಎಂಬ ಸಂಶಯ ಸಹಜ. ಮೃದ್ವಸ್ಥಿ ಸವೆದರೂ ಮೂಳೆಯ ತುದಿಗಳ ಕೋನ ಬಹುಮಟ್ಟಿಗೆ ಹಾಗೆಯೇ ಉಳಿಯುವುದರಿಂದ ಆ ಕೋನಗಳಿಂದಲೇ ಅಂದಾಜು ಸಿಗುತ್ತದೆ. ಇದೇ ಆಧಾರದ ಮೇಲೆ 2021ರಲ್ಲಿ ಮಂಡಿಗಳನ್ನು 9 ಬಗೆಗಳಾಗಿ ವಿಂಗಡಿಸಲಾಯಿತು. ಹಾಗೆಂದು ಹೊಸ ಪದ್ಧತಿ ಗೆದ್ದಿತೆಂದು ಸಾರುವ ಹಾಗಿಲ್ಲ. ಎರಡನ್ನೂ ಚೀಟಿ ಎತ್ತಿದಂತೆ ಹಂಚಿ ಹೋಲಿಸಿದ ಪ್ರಯೋಗಗಳಲ್ಲಿ ಕೆಲವು ಹೊಸದರತ್ತ ವಾಲಿದರೆ, ಇನ್ನು ಕೆಲವು ಗಮನಾರ್ಹ ವ್ಯತ್ಯಾಸವನ್ನೇ ಕಾಣಲಿಲ್ಲ. ಆದ್ದರಿಂದ ಹಲವರು ಹಳೆಯ ಬಾಗನ್ನು ಗೌರವಿಸುತ್ತಲೇ ಅತಿಯಾದ ಬಾಗಿಗೆ ಮಿತಿ ಹಾಕುವ ನಡುದಾರಿ ಹಿಡಿದಿದ್ದಾರೆ. ನನಗೂ ಅದೇ ವಿವೇಕವೆನಿಸುತ್ತದೆ. ಜಾಹೀರಾತಿನಲ್ಲಿ ಕಾಣುವ ರೋಬಾಟ್ ಕತ್ತರಿಸಿದ್ದು ಗುರಿಗೆ ಹೆಚ್ಚು ಹತ್ತಿರ ಬೀಳುತ್ತದೆ, ನಿಜ. ಆದರೆ ಯಾವ ಗುರಿ ಎಂಬುದನ್ನು ಮನುಷ್ಯರೇ ಹೇಳಿಕೊಡಬೇಕು.

ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಕಾಣದ ಇನ್ನೊಂದು ಜೋಡಣೆಯೂ ಇದೆ, ಅದು ತಿರುಚು. ಕೃತಕ ಭಾಗಗಳು ಒಳಮುಖವಾಗಿ ತಿರುಗಿ ಕೂತರೆ ಮಂಡಿಚಿಪ್ಪು ತನ್ನ ಜಾಡು ತಪ್ಪಿ ಮುಂಭಾಗದಲ್ಲಿ ನೋವು ಉಳಿಯಬಹುದು, ಇದು ಪತ್ತೆಯಾಗುವುದು ಸಿ.ಟಿ. ಸ್ಕ್ಯಾನ್‌ನಲ್ಲಿ.

ಅತ್ತೆಯವರ ಎಡಗಾಲು ಈಗ ತೂಗುಗುಂಡು ಹಿಡಿದಷ್ಟು ನೇರ. ನೋವು ಹೋಗಿದೆ, ಆದರೆ ಬಲಗಾಲು ಇನ್ನೂ ಬಿಲ್ಲಾಗಿಯೇ ಇರುವುದರಿಂದ ಎಡಗಾಲು ತುಸು ಉದ್ದವಾದಂತಾಗಿ, "ಈ ಕಾಲು ಯಾರದೋ ಅನ್ನಿಸ್ತದೆ ಕಣಪ್ಪ" ಎಂದು ಮೊದಲ ವರ್ಷ ಹೇಳುತ್ತಿದ್ದರು. ಬಲಮಂಡಿಯ ಸರದಿ ಬಂದಾಗ ಚಿಕ್ಕಮಗಳೂರಿನಲ್ಲಿ ಸೊಂಟದಿಂದ ಪಾದದವರೆಗಿನ ಉದ್ದ ಎಕ್ಸ್‌ರೇಯನ್ನು ನಿಲ್ಲಿಸಿ ತೆಗೆಸಿದೆವು. ಅದರ ಮೇಲೆ ಗೆರೆ ಎಳೆದ ವೈದ್ಯರು, ಸವೆತದಿಂದ ಬಂದ ಬಾಗನ್ನು ತೆಗೆದು ಹುಟ್ಟಿನಿಂದ ಬಂದ ಎರಡು ಡಿಗ್ರಿಯನ್ನು ಹಾಗೆಯೇ ಬಿಡುವುದಾಗಿ ಹೇಳಿದರು. ಅತ್ತೆ ಆ ಗೆರೆಯನ್ನು ನೋಡಲೂ ಹೋಗದೆ, ಕಾಫಿ ಕಣದ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿಯಬಹುದೇ ಎಂದಷ್ಟೇ ಕೇಳಿದರು.