ಸೊಂಟ ಹಿಡಿದುಕೊಂಡು ಕ್ಯಾಶುವಾಲಿಟಿಗೆ ಬಂದವರು: ಯಾರನ್ನು ಫಿಸಿಯೋಥೆರಪಿಗೆ ಕಳುಹಿಸಬಹುದು?

ಚಿಕ್ಕಮಗಳೂರು ಸೀಮೆಯಲ್ಲಿ ನವೆಂಬರ್‌ನಿಂದ ಅರೇಬಿಕಾ, ಅದು ಮುಗಿಯುತ್ತಿದ್ದಂತೆ ರೋಬಸ್ಟಾ ಕೊಯ್ಲು. ದಿನವಿಡೀ ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ದು, ಸಂಜೆ ಚೀಲ ಹೊತ್ತವರಿಗೆ ಸೊಂಟ ಹಿಡಿದುಕೊಳ್ಳುವುದು ಹೊಸದೇನಲ್ಲ. ಅವರು ಕೆಲಸ ಬಿಡುವ ಹೊತ್ತಿಗೆ ಹೊರರೋಗಿ ವಿಭಾಗ ಮುಚ್ಚಿರುತ್ತದೆ. ಉಳಿಯುವುದು ಕ್ಯಾಶುವಾಲಿಟಿ ಒಂದೇ. ಆದ್ದರಿಂದ ‘ಇಷ್ಟಕ್ಕೆಲ್ಲ ಇಲ್ಲಿಗೆ ಬರುತ್ತಾರೆ’ ಎಂದು ಗೊಣಗುವ ಮೊದಲು ಗಡಿಯಾರ ನೋಡಿ.

ತುರ್ತು ವಿಭಾಗದಲ್ಲಿ ರೋಗಿಗಳನ್ನು ಕೆಂಪು (ತಕ್ಷಣ ನೋಡಬೇಕಾದವರು), ಹಳದಿ (ಸ್ವಲ್ಪ ಕಾಯಬಲ್ಲವರು), ಹಸಿರು (ಹೆಚ್ಚು ಹೊತ್ತು ಕಾಯಬಲ್ಲವರು) ಎಂದು ವಿಂಗಡಿಸುವುದು ಫಿಸಿಯೋಥೆರಪಿ ಕಲಿಯುತ್ತಿರುವ ನಿಮಗೆ ಗೊತ್ತು. ಫಿಸಿಯೋಥೆರಪಿಯ ಕಡೆಗೆ ತಿರುಗಿಸುವುದು ಹಸಿರಿನವರಲ್ಲಿ ಕೆಲವರನ್ನು ಮಾತ್ರ, ಅದೂ ಪರೀಕ್ಷೆ ಮಾಡಿದ ಮೇಲೆ. ಬಾಗಿಲಲ್ಲೇ ದಾರಿ ತೋರಿಸಿ ಕಳುಹಿಸಿದರೆ ಅದು ಸಾಗಹಾಕುವುದಾಗುತ್ತದೆ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದ ಕೆಲವು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟ್‌ಗಳು ತುರ್ತು ವಿಭಾಗದಲ್ಲೇ ಕುಳಿತು ಈ ಕೆಲಸ ಮಾಡುತ್ತಾರೆ. ನಮ್ಮಲ್ಲಿ ಡ್ಯೂಟಿ ಡಾಕ್ಟರ ಚೀಟಿ ಹಿಡಿದು ರೋಗಿ ಫಿಸಿಯೋಥೆರಪಿಸ್ಟ್‌ಗಳಾದ ನಮ್ಮ ಬಳಿಗೆ ಬರುವುದೇ ರೂಢಿ. ಹಾಗೆಂದು ನಾವು ಮತ್ತೊಮ್ಮೆ ಕೇಳಿ ನೋಡದೆ ಹಾಟ್‌ಪ್ಯಾಕ್ ಇಟ್ಟುಬಿಡುವಂತಿಲ್ಲ.

ಯಾರನ್ನು ಕಳುಹಿಸಬಾರದು ಎಂಬುದನ್ನು ಮೊದಲು ಕಲಿಯಿರಿ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದೆಯೇ, ಗೊತ್ತಾಗದೆ ಹೋಗುತ್ತಿದೆಯೇ, ತೊಡೆಸಂದಿಯ ಸುತ್ತ ಮರಗಟ್ಟಿದೆಯೇ, ಎರಡೂ ಕಾಲು ಸೋಲುತ್ತಿವೆಯೇ? ಇದು ಕೌಡಾ ಇಕ್ವೈನಾ, ಅಂದರೆ ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋಗಿರುವುದು, ಇರಬಹುದು. ಅದೇ ದಿನ ಎಂಆರ್‌ಐ ಮತ್ತು ಶಸ್ತ್ರಚಿಕಿತ್ಸಕರು ಬೇಕು. ಸಂಕೋಚದಿಂದ ರೋಗಿ ತಾನಾಗಿ ಹೇಳುವುದಿಲ್ಲ, ನಾವೂ ಸಂಕೋಚದಿಂದ ಕೇಳುವುದಿಲ್ಲ. ತಪ್ಪು ನಡೆಯುವುದು ಇಲ್ಲಿಯೇ. ಹಿಂದೆ ಕ್ಯಾನ್ಸರ್ ಆಗಿದ್ದವರು, ಕಾರಣವಿಲ್ಲದೆ ತೂಕ ಇಳಿದವರು, ಬಹುಕಾಲ ಸ್ಟೀರಾಯ್ಡ್ ನುಂಗಿದವರು, ಮರಗಸಿ (ನೆರಳುಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗಲೋ ಮೆಣಸು ಕೊಯ್ಯುವಾಗಲೋ ಏಣಿಯಿಂದ ಬಿದ್ದವರು ಕೂಡ ಈ ಗುಂಪಿಗೇ ಸೇರುತ್ತಾರೆ.

ಜ್ವರವಿದ್ದರಂತೂ ಇನ್ನೂ ಎಚ್ಚರ. ಬೆನ್ನುಮೂಳೆಯ ಕ್ಷಯ ಪಠ್ಯದಲ್ಲಿದೆ, ಬರೆದುಕೊಂಡಿರುತ್ತೀರಿ. ಮಲೆನಾಡಿನಲ್ಲಿ ಅದರ ಪಕ್ಕ ಮಂಗನ ಕಾಯಿಲೆಯನ್ನೂ ಬರೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಈ ಕಾಯಿಲೆ ಹಠಾತ್ ಜ್ವರ, ತಲೆನೋವು, ತೀವ್ರ ಮೈಕೈ ನೋವಿನಿಂದಲೇ ಶುರುವಾಗುತ್ತದೆ. ಹೆಚ್ಚಾಗಿ ಕಾಣಿಸುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ಕೊಯ್ಲಿನ ಕಾಲದಲ್ಲೇ. ‘ಕೆಲಸ ಜಾಸ್ತಿಯಾಗಿ ಮೈ ನೋವು’ ಎಂದು ರೋಗಿಯೇ ಹೇಳಿದರೂ ಥರ್ಮಾಮೀಟರ್ ಇಡದೆ ಒಪ್ಪಬೇಡಿ. ಎಡಭುಜದ ನೋವಿಗೂ ಇದೇ ಮಾತು: ಸಕ್ಕರೆ ಕಾಯಿಲೆಯವರು ಬೆವರುತ್ತ ಬಂದು ‘ಗ್ಯಾಸ್ ಇರಬೇಕು’ ಎಂದರೆ ಅದು ಹೃದಯಾಘಾತವಿರಬಹುದು, ಮೊದಲು ಇಸಿಜಿ.

ಕಾಲು ಉಳುಕಿದವರ ವಿಷಯ ಸುಲಭ. ಎಕ್ಸ್-ರೇ ಬೇಕೇ ಬೇಡವೇ ಎಂದು ತೀರ್ಮಾನಿಸಲು 1992ರಲ್ಲಿ ಪ್ರಕಟವಾದ ಒಟ್ಟಾವಾ ನಿಯಮ ಇಲ್ಲಿ ಕೈ ಹಿಡಿಯುತ್ತದೆ. ಹರಡಿನ ಎರಡೂ ಕಡೆಯ ಮೂಳೆಗಳ ಹಿಂಬದಿಯ ಕೊನೆಯ 6 ಸೆಂಟಿಮೀಟರ್ ಅಥವಾ ತುದಿ, ಪಾದದಲ್ಲಿ ಕಿರುಬೆರಳಿನ ಕಡೆಯ ಉದ್ದ ಮೂಳೆಯಾದ ಐದನೇ ಮೆಟಾಟಾರ್ಸಲ್‌ನ ಬುಡ, ಒಳಬದಿಯ ನ್ಯಾವಿಕ್ಯುಲರ್ ಮೂಳೆ ಇವುಗಳನ್ನು ಒತ್ತಿ ನೋಡಿ. ಎಲ್ಲಿಯೂ ಮೂಳೆ ನೋಯದೆ, ಉಳುಕಿದ ಕೂಡಲೂ ಈಗಲೂ ಕುಂಟುತ್ತಲಾದರೂ 4 ಹೆಜ್ಜೆ ಇಡಲು ಆಗಿದ್ದರೆ ಎಕ್ಸ್-ರೇ ಬೇಕಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಲ್ಲಿ, ಕುಡಿದು ಬಂದವರಲ್ಲಿ ಈ ನಿಯಮವನ್ನು ನಂಬಬಾರದು.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿಯುವ ಸೊಂಟ ನೋವು ನಮ್ಮದು. ಬಹುಪಾಲು ಜನರಿಗೆ ಸುಮಾರು 6 ವಾರಗಳಲ್ಲಿ ಸಾಕಷ್ಟು ಇಳಿಯುತ್ತದೆ. ಮಲಗಿಯೇ ಇರುವುದು ಒಳ್ಳೆಯದಲ್ಲ, ತಾಳಿಕೊಳ್ಳುವಷ್ಟು ಓಡಾಡುವುದೇ ಮೇಲು. ಎಕ್ಸ್-ರೇ ತೆಗೆಸಲಿಲ್ಲವೆಂದು ರೋಗಿಯ ಮನೆಯವರಿಗೆ ಅಸಮಾಧಾನವಾಗುವುದು ಸಹಜ. ಏಕೆ ಬೇಡ ಎಂದು ಎರಡು ನಿಮಿಷ ಕುಳಿತು ಹೇಳಿ.

ಕೊಪ್ಪದಿಂದಲೋ ಮೂಡಿಗೆರೆಯಿಂದಲೋ ಬಸ್ಸಿನಲ್ಲಿ ಬಂದವರಿಗೆ ‘ನಾಳೆ ಬನ್ನಿ’ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತು, ಅವರು ಬರುವುದಿಲ್ಲ. ಅಂದೇ ಒಂದೆರಡು ವ್ಯಾಯಾಮ ಮಾಡಿಸಿ ತೋರಿಸಿ. ಊರಿಗೆ ಹತ್ತಿರ ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆ, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆಯಿರಿ. ಕೊನೆಯ ಸಾಲು ದೊಡ್ಡಕ್ಷರದಲ್ಲಿರಲಿ: ಮೂತ್ರ ಕಟ್ಟಿದರೆ, ಕಾಲು ಸೋತರೆ, ಜ್ವರ ಬಂದರೆ, ಮಧ್ಯರಾತ್ರಿಯಾದರೂ ಸರಿ, ಕ್ಯಾಶುವಾಲಿಟಿಗೇ ಬನ್ನಿ.