ಪಿಯುಸಿ ಮುಗಿಸಿ ಆಡಿಟ್ ಕಚೇರಿಗೆ ಬರುವವರಿಗೆ

41, 42, 43. ಸರಕು ಸಾಗಿಸುವ ಒಂದು ಏಜೆನ್ಸಿಯ ಮೂರು ಬಿಲ್‌ಗಳ ನಂಬರ್ ಇವು. ತಾರೀಖು ಮಾತ್ರ ಒಂದು ಏಪ್ರಿಲ್‌ನದು, ಒಂದು ಮೇ, ಇನ್ನೊಂದು ಜೂನ್. ಮೊತ್ತ ಸರಿಯಿತ್ತು, ಸಹಿ ಇತ್ತು, ಬ್ಯಾಂಕಿನಿಂದ ಹಣ ಹೋದದ್ದೂ ತಾಳೆಯಾಗುತ್ತಿತ್ತು. ನಮ್ಮ ಕಚೇರಿಗೆ ಸೇರಿ ಮೂರು ವಾರವಾಗಿದ್ದ ಹುಡುಗಿ ಆ ಬಿಲ್‌ಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು ಕೇಳಿದಳು: "ಮೇಡಂ, ಮೂರು ತಿಂಗಳಲ್ಲಿ ಇವರಿಗೆ ಬೇರೆ ಗಿರಾಕಿಗಳೇ ಬಂದಿಲ್ವಾ?"

ಸಣ್ಣ ಏಜೆನ್ಸಿ, ಒಬ್ಬನೇ ಗಿರಾಕಿ ಇರಬಹುದು. ಅಥವಾ ಆ ಬಿಲ್ ಪುಸ್ತಕ ನಮ್ಮ ಕ್ಲೈಂಟ್ ಕಚೇರಿಯಲ್ಲೇ ಯಾರದೋ ಡ್ರಾಯರ್‌ನಲ್ಲಿ ಇರಬಹುದು. ಲಾರಿ ರಶೀದಿ ಕೊಡಿ ಅಂದೆವು. ಎರಡು ಟ್ರಿಪ್‌ಗೆ ರಶೀದಿಯೇ ಸಿಗಲಿಲ್ಲ.

ಆ ಹುಡುಗಿಗೆ ಆಗ 19 ವರ್ಷ. ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಪಿಯುಸಿ ಆದಮೇಲೆ ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಕೋರ್ಸಿನ ಮೊದಲ ಎರಡು ಹಂತ ಫೌಂಡೇಶನ್, ಇಂಟರ್‌ಮೀಡಿಯೇಟ್ ಮುಗಿಸಿ, ಆಡಿಟ್ ಕಚೇರಿಯಲ್ಲಿ ಕೆಲಸ ಮಾಡುತ್ತಾ ಕಲಿಯುವ ಆರ್ಟಿಕಲ್‌ಶಿಪ್‌ಗೆ ನೇರ ಬಂದಿದ್ದಳು. ಅವಳನ್ನು ಕರೆದುಕೊಂಡು ಬಂದ ದಿನ ಅವರಮ್ಮ ಕೇಳಿದ್ದು ಒಂದೇ ಮಾತು: "ಕಾಲೇಜಿಗೆ ಹೋಗದೇ ಇದ್ರೆ ಮುಂದೆ ಕಷ್ಟ ಆಗಲ್ವಾ ಮೇಡಂ?" ಈ ಪ್ರಶ್ನೆ ನನಗೆ ವರ್ಷಕ್ಕೆ ಹತ್ತಾರು ಸಲ ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿ ಹೇಗಿದೆ ಅಂತ ಹೇಳಿಬಿಡುತ್ತೇನೆ. ಫೌಂಡೇಶನ್‌ನಲ್ಲಿ ನಾಲ್ಕು ಪೇಪರ್. ಒಂದೊಂದರಲ್ಲೂ ಕನಿಷ್ಠ 40 ಅಂಕ ಬರಬೇಕು, ಒಟ್ಟಾರೆ ಶೇಕಡಾ 50 ಇರಬೇಕು. ನಂತರ ಇಂಟರ್‌ಮೀಡಿಯೇಟ್, ಎರಡು ಗ್ರೂಪ್, ಆರು ಪೇಪರ್. ಇಂಟರ್‌ಗೆ ನೋಂದಾಯಿಸಿ ಎಂಟು ತಿಂಗಳು ಓದಿದ ಮೇಲೆಯೇ ಪರೀಕ್ಷೆ. 2023ರ ಜುಲೈನಿಂದ ನಿಯಮ ಬದಲಾಗಿದೆ. ಎರಡೂ ಗ್ರೂಪ್ ಪಾಸಾದ ಮೇಲೆಯೇ ಆರ್ಟಿಕಲ್‌ಶಿಪ್, ಅದೂ ಮೂರು ವರ್ಷದ ಬದಲು ಎರಡು ವರ್ಷ. ಅದು ಮುಗಿದು ಆರು ತಿಂಗಳಾದ ಮೇಲೆ ಫೈನಲ್. ಈ ಆರು ತಿಂಗಳು ನನಗೆ ತುಂಬಾ ಇಷ್ಟವಾದ ಬದಲಾವಣೆ. ನಮ್ಮ ಕಾಲದಲ್ಲಿ ಆಡಿಟ್ ಸೀಸನ್ ಮಧ್ಯೆ ರಜೆ ಬೇಡಿ ಬೇಡಿ ಓದುತ್ತಿದ್ದೆವು.

ಎಲ್ಲವೂ ಮೊದಲ ಸಲಕ್ಕೇ ಪಾಸಾದರೆ 22ರ ಆಸುಪಾಸಿನಲ್ಲಿ ಸಿಎ ಆಗಬಹುದು. ಆದರೆ ಪ್ರತಿ ಪರೀಕ್ಷೆಯಲ್ಲೂ ಪಾಸಾಗುವವರಿಗಿಂತ ಉಳಿದುಕೊಳ್ಳುವವರೇ ಜಾಸ್ತಿ. ಮನೆಯವರು ಇದನ್ನು ಮೊದಲೇ ತಿಳಿದಿರಬೇಕು. ಒಂದು ಸಲ ಫೇಲಾದ ಮಗುವನ್ನು ಪಕ್ಕದ ಮನೆಯವರ ಜೊತೆ ಹೋಲಿಸಬೇಡಿ, ದಯವಿಟ್ಟು.

ಹಾಗಾದರೆ ಕಚೇರಿಯಲ್ಲಿ ಕಲಿಯುವುದೇನು? ಸೇರಿದವರಿಗೆ ನಾನು ಮೊದಲು ಕೊಡುವ ಕೆಲಸ ಬ್ಯಾಂಕ್ ತಾಳೆ. ಒಂದು ಕಡೆ ಕಂಪನಿಯ ಲೆಡ್ಜರ್, ಇನ್ನೊಂದು ಕಡೆ ಬ್ಯಾಂಕ್ ಸ್ಟೇಟ್‌ಮೆಂಟ್. ಮೊದಲ ದಿನ ಯಾರಿಗೂ ತಾಳೆಯಾಗುವುದಿಲ್ಲ. ಒಬ್ಬ ಹುಡುಗನಿಗೆ ಸಂಜೆಯಾದರೂ 2,700 ರೂಪಾಯಿ ವ್ಯತ್ಯಾಸ ಹೋಗಲಿಲ್ಲ. "ಒಂಬತ್ತರಿಂದ ಭಾಗಿಸಿ ನೋಡು" ಅಂದೆ. ಶೇಷವಿಲ್ಲದೆ ಭಾಗವಾಯಿತು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಇರುತ್ತದೆ. ಹುಡುಕಿದ. 8,520 ಅಂತ ಇರಬೇಕಾದ ಕಡೆ 5,820 ಅಂತ ಬರೆದಿದ್ದರು. ಅವನು ಕುರ್ಚಿಯಿಂದ ಎದ್ದೇ ಬಿಟ್ಟ! ಆ ಖುಷಿ ಒಮ್ಮೆ ಸಿಕ್ಕಿತು ಅಂದರೆ ಲೆಕ್ಕದ ಕೆಲಸ ಬೇಜಾರು ಅನ್ನುವ ಮಾತು ಬಾಯಲ್ಲಿ ಬರುವುದಿಲ್ಲ.

ಆಮೇಲೆ ವೋಚರ್ (ಖರ್ಚಿನ ದಾಖಲೆ ಚೀಟಿ) ನೋಡುವುದು, ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ), ಜಿಎಸ್‌ಟಿ ರಿಟರ್ನ್, ಗೋದಾಮಿಗೆ ಹೋಗಿ ಸ್ಟಾಕ್ ಎಣಿಸುವುದು. ಇದೆಲ್ಲದರ ಜೊತೆಗೆ ಇನ್ನೊಂದು ಇದೆ. ನಿಮ್ಮ ಎರಡರಷ್ಟು ವಯಸ್ಸಿನ ಅಕೌಂಟೆಂಟ್ ಹತ್ತಿರ ಹೋಗಿ, ಅವರ ಮನಸ್ಸಿಗೆ ನೋವಾಗದ ಹಾಗೆ "ಸರ್, ಈ ಖರ್ಚಿನ ದಾಖಲೆ ಸಿಗಬಹುದಾ?" ಅಂತ ಕೇಳುವುದು. ಕೊಡದಿದ್ದರೆ ಮರುದಿನ ಮತ್ತೆ ಕೇಳುವುದು. ಇದನ್ನು ತರಗತಿಯಲ್ಲಿ ಕೂತು ಕಲಿಯಲಾಗದು.

ಹಣದ ವಿಷಯ. ಸ್ಟೈಪೆಂಡ್ ಕೊಡಲೇಬೇಕು. ಕನಿಷ್ಠ ಎಷ್ಟು ಅನ್ನುವುದು ಊರಿನ ಜನಸಂಖ್ಯೆಯ ಮೇಲೆ ನಿಗದಿಯಾಗುತ್ತದೆ. ಆದರೆ ಅದರಲ್ಲೇ ಬಾಡಿಗೆ ಕಟ್ಟಿ ಬದುಕಬಹುದು ಅಂತ ಲೆಕ್ಕ ಹಾಕಬೇಡಿ.

ಇನ್ನು ಆ ತಾಯಿಯ ಪ್ರಶ್ನೆ. ಸಿಎ ಆದಮೇಲೆ ಡಿಗ್ರಿ ಇಲ್ಲ ಅನ್ನುವುದು ವೃತ್ತಿಗೆ ಅಡ್ಡ ಬರುವುದಿಲ್ಲ. ಆಗದೇ ಉಳಿದರೆ ಮಾತ್ರ ಕಷ್ಟ. ಪದವಿ ಕೇಳುವ ಸರ್ಕಾರಿ ಕೆಲಸಗಳಿಗೆ ಇಂಟರ್ ಪಾಸಾದ ಪ್ರಮಾಣಪತ್ರ ಸಾಲದು. ಅದಕ್ಕೇ ನಾನು ಎಲ್ಲರಿಗೂ ದೂರಶಿಕ್ಷಣದಲ್ಲಿ ಬಿ.ಕಾಂ ಮಾಡಿಕೊಳ್ಳಿ ಅನ್ನುತ್ತೇನೆ. ಆರ್ಟಿಕಲ್‌ಶಿಪ್ ಜೊತೆಗೆ ಬೇರೆ ಕೋರ್ಸ್ ಮಾಡಲು ಸಿಎ ಸಂಸ್ಥೆಯ ಅನುಮತಿ ಬೇಕು. ಅದನ್ನು ಮಾತ್ರ ಮರೆಯಬಾರದು.

ಕಚೇರಿ ಆರಿಸುವಾಗ ಬೋರ್ಡ್ ಎಷ್ಟು ದೊಡ್ಡದು ಅಂತ ನೋಡಬೇಡಿ. ದೊಡ್ಡ ಸಂಸ್ಥೆಯಲ್ಲಿ ದೊಡ್ಡ ಕಂಪನಿಗಳ ಆಡಿಟ್ ಸಿಗುತ್ತದೆ, ಆದರೆ ತಿಂಗಳುಗಟ್ಟಲೆ ಒಂದೇ ವಿಭಾಗದಲ್ಲಿ ಇರಬೇಕಾಗಬಹುದು. ಸಣ್ಣ ಕಚೇರಿಯಲ್ಲಿ ಎಲ್ಲವನ್ನೂ ಮುಟ್ಟುತ್ತೀರಿ, ಕ್ಲೈಂಟ್ ಫೋನ್ ಕೂಡ ನೀವೇ ಎತ್ತುತ್ತೀರಿ. ಪಿಯುಸಿ ಮುಗಿಸಿ ಬಂದವರಿಗೆ ನನ್ನ ಸಲಹೆ ಮಧ್ಯಮ ಗಾತ್ರದ ಕಚೇರಿ. ಈಗ ಅಲ್ಲಿರುವ ಆರ್ಟಿಕಲ್ ಹುಡುಗರನ್ನು ಹೊರಗೆ ಕರೆದು, ಹೋದ ತಿಂಗಳು ಏನೇನು ಮಾಡಿದ್ರಿ ಅಂತ ಕೇಳಿ. "ಬ್ಯಾಂಕ್‌ಗೆ ಹೋಗಿ ಬಂದ್ವಿ, ಫೈಲ್ ಜೋಡಿಸಿದ್ವಿ" ಅಷ್ಟೇ ಅಂದರೆ ಬೇರೆ ಕಡೆ ನೋಡಿ. ಸೇರಿದ ಮೇಲೆ ಮಧ್ಯದಲ್ಲಿ ಬದಲಿಸುವುದು ಸುಲಭವಲ್ಲ.

ನನಗೆ ನಿಜವಾಗಿ ಸಂಕಟ ತರುವುದು ಡಮ್ಮಿ ಆರ್ಟಿಕಲ್‌ಶಿಪ್. ಹೆಸರು ಒಂದು ಕಚೇರಿಯಲ್ಲಿ, ಹುಡುಗ ಕೋಚಿಂಗ್ ಕ್ಲಾಸಿನಲ್ಲಿ. ಇದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ತರಬೇತಿಯ ಅವಧಿಯೇ ಹೋಗಬಹುದು, ಸಹಿ ಹಾಕಿದ ಸಿಎ ಮೇಲೂ ಕ್ರಮ ಆಗಬಹುದು. ಸಿಕ್ಕಿಬೀಳದಿದ್ದರೂ ನಷ್ಟ ಹುಡುಗನಿಗೇ. ಹಿಂದೊಮ್ಮೆ ಕೆಲಸ ಕೇಳಿಕೊಂಡು ಒಬ್ಬ ಬಂದಿದ್ದ. ಫೈನಲ್ ಪಾಸಾಗಿತ್ತು, ಅಂಕ ಚೆನ್ನಾಗಿತ್ತು. ಒಂದು ತಿಂಗಳ ವೋಚರ್ ಕಟ್ಟು ಕೊಟ್ಟು, ಇದನ್ನು ನೋಡಿ ಏನನ್ನಿಸಿತು ಹೇಳಿ ಅಂದೆ. ಅರ್ಧ ಗಂಟೆ ತಿರುವಿ ಹಾಕಿದ. "ಕೂಡಿಸಿ ನೋಡಿದೆ ಮೇಡಂ, ಮೊತ್ತ ಸರಿ ಇದೆ" ಅಂದ. ಆ ಕಟ್ಟಿನಲ್ಲಿ ಒಂದೇ ರಶೀದಿ ಎರಡು ಸಲ ಇತ್ತು. ಒಂದು ಅಸಲು, ಇನ್ನೊಂದು ಜೆರಾಕ್ಸ್.