ನೀವು ಯಾವ ಥಾಪಾ?

ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದ ಗೇಟಿನಲ್ಲಿ ಇಬ್ಬರು ನೇಪಾಳಿ ಕಾವಲುಗಾರರಿದ್ದಾರೆ. ಹಾಜರಿ ಪುಸ್ತಕದಲ್ಲಿ ಇಬ್ಬರ ಹೆಸರಿನ ಕೊನೆಯಲ್ಲೂ ‘ಥಾಪಾ’. ದಾಯಾದಿಗಳೇ ಇರಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕಿರಿಯರು ಕೆಲಸಕ್ಕೆ ಸೇರಿದ ಸಂಜೆ ನಾನು ಅಲ್ಲೇ ನಿಂತಿದ್ದೆ. ಹಿರಿಯರು ಅವರ ಕೈಗೆ ಟಾರ್ಚು ಕೊಡುತ್ತಾ ಕೇಳಿದ್ದು ಎರಡೇ ಪದ: ‘ಕುನ್ ಥಾಪಾ?’ ಯಾವ ಥಾಪಾ? ‘ಮಗರ್’ ಎಂದರು ಹೊಸಬರು. ‘ನಾನು ಬಗಾಲೆ’ ಎಂದರು ಹಳಬರು. ಅಲ್ಲಿಗೆ ವಿಚಾರಣೆ ಮುಗಿಯಿತು. ತಾವು ಒಂದೇ ಕುಲದವರಲ್ಲ, ಮನೆದೇವರು ಬೇರೆ, ಹಿರೀಕರ ನುಡಿಯೂ ಬೇರೆ ಎಂಬುದು ಇಬ್ಬರಿಗೂ ತಿಳಿದುಹೋಗಿತ್ತು. ನನಗೆ ತಿಳಿಯಲು ಒಂದಷ್ಟು ಓದಬೇಕಾಯಿತು.

ನೇಪಾಳಿಯಲ್ಲಿ ಅಡ್ಡಹೆಸರಿಗೆ ‘ಥರ’ ಎನ್ನುತ್ತಾರೆ. ಬಗಾಲೆ ಥಾಪಾಗಳು ಛೇತ್ರಿಗಳು, ಅಂದರೆ ನೇಪಾಳಿ ಮಾತೃಭಾಷೆಯ, ಜನಿವಾರ ಧರಿಸುವ ಕ್ಷತ್ರಿಯರು, ಗೋತ್ರ ಆತ್ರೇಯ. ಮಗರ್ ಜನರದು ಟಿಬೆಟೊ-ಬರ್ಮನ್ ಕುಟುಂಬಕ್ಕೆ ಸೇರಿದ ಬೇರೆಯೇ ನುಡಿ. ಆದರೆ ಥಾಪಾ ಎಂಬ ಥರ ಎರಡೂ ಕಡೆ ಇದೆ. ರಾಣಾ, ಘರ್ತಿ, ಬುಢಾಥೋಕಿಗಳ ಕಥೆಯೂ ಇದೇ. ಥರವೊಂದನ್ನೇ ಕೇಳಿ ಯಾರ ಮೂಲವನ್ನೂ ಹೇಳಲಾಗದು. ಅದಕ್ಕಾಗಿಯೇ ಆ ಎರಡನೆಯ ಪ್ರಶ್ನೆ.

ಹಾಗಾದರೆ ಥರ ಏನನ್ನು ಹೇಳುತ್ತದೆ? ಬಹಳಷ್ಟು ಸಲ ಒಂದು ಊರನ್ನು. ಪಶ್ಚಿಮ ನೇಪಾಳದ ಕರ್ಣಾಲಿ ಸೀಮೆಯಲ್ಲಿ, ಇಂದಿನ ಜುಮ್ಲಾ ಜಿಲ್ಲೆಯ ಸಿಂಜಾ ಕಣಿವೆಯಲ್ಲಿ, 12ರಿಂದ 14ನೆಯ ಶತಮಾನದವರೆಗೆ ಖಸ ರಾಜರ ರಾಜಧಾನಿಯಿತ್ತು. ಇಂದು ನಾವು ನೇಪಾಳಿ ಎಂದು ಕರೆಯುವ ಭಾಷೆ ಅಲ್ಲಿಯ ಖಸ ಕುರಾ. ಆ ರಾಜ್ಯ ಒಡೆದ ಮೇಲೆ ಜನ ಬೆಟ್ಟದಿಂದ ಬೆಟ್ಟಕ್ಕೆ ಪೂರ್ವದ ಕಡೆ ಸರಿದರು. ಬಿಟ್ಟುಬಂದ ಊರನ್ನು ಹೆಸರಿನಲ್ಲಿ ಕಟ್ಟಿಕೊಂಡು ಬಂದರು. ಸಿಂಜಾದಿಂದ ಬಂದವರು ಸಿಂಜಾಲಿ, ಸಿಂಜಾಪತಿ. ಮಹಾಕವಿ ಲಕ್ಷ್ಮೀಪ್ರಸಾದ ದೇವಕೋಟಾ ಅವರ ಹೆಸರಿನಲ್ಲಿರುವ ‘ಕೋಟಾ’ ನಮ್ಮ ಕೋಟೆಯೇ. ಸಾಪಕೋಟಾ, ಬಾಂಸಕೋಟಾಗಳಲ್ಲೂ ಅದೇ ಇದೆ. ನಮ್ಮ ಕುವೆಂಪು ಹೆಸರಿನಲ್ಲಿ ಕುಪ್ಪಳಿ ಮುಂದೆ ನಿಂತಿದೆ, ಅವರಲ್ಲಿ ಊರು ಹಿಂದೆ ನಿಲ್ಲುತ್ತದೆ, ವ್ಯತ್ಯಾಸ ಇಷ್ಟೇ.

ಇನ್ನು ಕೆಲವು ಥರಗಳು ಹುದ್ದೆಗಳು. ಅಧಿಕಾರಿ ಎಂದರೆ ಅಧಿಕಾರಿಯೇ. ಕಾರ್ಕಿ ಕಂದಾಯ ವಸೂಲಿ ಮಾಡುತ್ತಿದ್ದವರು, ಭಂಡಾರಿ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ಕರಾವಳಿಯಲ್ಲಿ ಭಂಡಾರಿಗಳಿದ್ದಾರೆ, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ ಬಸವಣ್ಣ ಇದ್ದರು. ಆದರೆ ಮಂಗಳೂರಿನ ಭಂಡಾರಿಗೂ ಕಾಠ್ಮಂಡುವಿನ ಭಂಡಾರಿಗೂ ನೆಂಟಸ್ತನ ಹುಡುಕುವುದು ವ್ಯರ್ಥ. ಎಲ್ಲಿ ಉಗ್ರಾಣವಿದೆಯೋ ಅಲ್ಲಿ ಬೀಗದ ಕೈ ಹಿಡಿದವನೊಬ್ಬ ಇರಲೇಬೇಕಲ್ಲ.

ಗೋತ್ರದ ಸ್ವಭಾವವೇ ಬೇರೆ. ಮೊಮ್ಮಗನಿಂದ ಮುಂದಿನ ಸಂತತಿ ಗೋತ್ರ ಎಂದು ಪಾಣಿನಿ ವ್ಯಾಕರಣದ ಸೂತ್ರವೊಂದರಲ್ಲಿ ಹೇಳುತ್ತಾನೆ. ಶ್ರೌತ ಗ್ರಂಥಗಳು ಸಪ್ತರ್ಷಿಗಳ ಜೊತೆಗೆ ಅಗಸ್ತ್ಯನನ್ನೂ ಸೇರಿಸಿ ಎಂಟು ಮೂಲಗಳಿಂದ ಎಲ್ಲ ಗೋತ್ರಗಳನ್ನೂ ಹೊರಡಿಸುತ್ತವೆ. ಥರಗಳು ಸಾವಿರಗಟ್ಟಲೆ, ಗೋತ್ರಗಳು ಕೆಲವೇ. ಹಾಗಾಗಿ ನೇಪಾಳದ ಘಿಮಿರೆ ಮನೆತನದ ಕಾಶ್ಯಪರೂ ಮೇಲುಕೋಟೆಯ ಕಾಶ್ಯಪರೂ ಕಾಗದದ ಮೇಲೆ ಸಗೋತ್ರರು. ಇಬ್ಬರೂ ದೇವಸ್ಥಾನದ ಅರ್ಚನೆ ಚೀಟಿಯಲ್ಲಿ ಅದೇ ಹೆಸರು ಬರೆಸುತ್ತಾರೆ.

ಇದನ್ನು ಈಗಿನ ಕಾಲದಲ್ಲಿ ವೈ ಕ್ರೋಮೋಸೋಮ್‌ಗೆ ಹೋಲಿಸುವುದುಂಟು. ತಂದೆಯಿಂದ ಮಗನಿಗೆ ಮಾತ್ರ ಸಾಗುವ ವರ್ಣತಂತು ಅದು. ಗೋತ್ರವೂ ಹಾಗೆಯೇ ಸಾಗುತ್ತದೆ. ಆದ್ದರಿಂದ ಋಷಿಗಳಿಗೆ ತಳಿವಿಜ್ಞಾನ ಗೊತ್ತಿತ್ತು ಎಂಬ ವಾದ. ಹೋಲಿಕೆ ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಬೇಕಾದ ಮಾತನ್ನು ಹೇಳಿದವರಲ್ಲಿ ಒಬ್ಬರು ನಮ್ಮವರೇ, ಒಂಬೈನೂರು ವರ್ಷಗಳ ಹಿಂದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನ ಬರೆದ. ಕ್ಷತ್ರಿಯ ವೈಶ್ಯರಿಗೆ ಸ್ವಂತ ಗೋತ್ರವಿಲ್ಲ, ಅವರ ಪುರೋಹಿತರ ಗೋತ್ರವನ್ನೇ ಅವರದೆಂದು ತಿಳಿಯಬೇಕು ಎಂದು ಅವನು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಹಾಗಿದ್ದಮೇಲೆ ಛೇತ್ರಿಯೊಬ್ಬರ ಗೋತ್ರ ಅವರ ರಕ್ತದ ಗುರುತೇ ಆಗಬೇಕಿಲ್ಲ. ಎಂದೋ ಅವರ ಮನೆಯಲ್ಲಿ ಹೋಮ ಮಾಡಿಸಿದವರ ಗುರುತೂ ಆಗಿರಬಹುದು.

ವಿಜ್ಞಾನೇಶ್ವರನ ಇನ್ನೊಂದು ಮಾತು ನನಗೆ ಇದಕ್ಕಿಂತಲೂ ಅಚ್ಚರಿ ತಂದಿತು. ಯಾರು ಯಾರನ್ನು ಮದುವೆಯಾಗಬಾರದು ಎಂಬುದಕ್ಕೆ ಗೋತ್ರದ ಜೊತೆಗೆ ‘ಸಪಿಂಡ’ ಎಂಬ ಅಳತೆಯೂ ಇದೆ. ಪಿಂಡ ಎಂದರೆ ಶ್ರಾದ್ಧದ ಅನ್ನದುಂಡೆ ಎಂದು ಹಲವರು ಅರ್ಥ ಮಾಡಿದರು. ಇವನು ಪಿಂಡ ಎಂದರೆ ದೇಹ ಎಂದ. ತಂದೆಯ ದೇಹದ ಅಂಶ ಮಗುವಿನಲ್ಲಿದೆ, ತಾಯಿಯ ದೇಹದ ಅಂಶವೂ ಇದೆ. ಅವರ ಮೂಲಕ ಅಜ್ಜ ಅಜ್ಜಿಯರದೂ ಇದೆ. ಹೀಗೆ ಅಂಶ ಹಂಚಿಕೊಂಡವರು ಸಪಿಂಡರು. ಆದರೆ ಆದಿಯಿಲ್ಲದ ಈ ಸಂಸಾರದಲ್ಲಿ ಹೀಗೆ ಹುಡುಕುತ್ತಾ ಹೋದರೆ ಎಲ್ಲರೂ ಎಲ್ಲರಿಗೂ ಹೇಗೋ ಒಂದು ರೀತಿ ಸಂಬಂಧಿಗಳೇ ಆಗಿಬಿಡುತ್ತಾರೆ. ಆದ್ದರಿಂದ ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರಿಗೆ ಗೆರೆ ಎಳೆಯಬೇಕು ಎಂದ.

ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ಇಬ್ಬರು ಹೆತ್ತವರು, ನಾಲ್ವರು ಅಜ್ಜ ಅಜ್ಜಿಯರು. ಇಪ್ಪತ್ತು ತಲೆಮಾರು ಹಿಂದೆ ಹೋದರೆ ವಂಶವೃಕ್ಷದಲ್ಲಿ 10,48,576 ಸ್ಥಾನಗಳು. ಗೋತ್ರ ಹೇಳುವುದು ಅವುಗಳಲ್ಲಿ ಒಂದೇ ಒಂದು ಸ್ಥಾನದ ಕಥೆಯನ್ನು. ಉಳಿದ ಹತ್ತು ಲಕ್ಷಕ್ಕೂ ಮೀರಿದ ಸ್ಥಾನಗಳ ಬಗ್ಗೆ ಅದು ಮೌನ. ಸ್ಥಾನಗಳು ಹೀಗೆ ಏರುತ್ತಾ ಹೋದಾಗ ಒಬ್ಬನೇ ಪೂರ್ವಜ ಹಲವು ಕಡೆ ಕಾಣಿಸಿಕೊಳ್ಳಲೇಬೇಕು. ‘ಎಲ್ಲರೂ ಎಲ್ಲರಿಗೂ’ ಎಂದು ಅವನು ಹೇಳಿದ್ದು ಇದನ್ನೇ. ಏಳರ ಗೆರೆಯೂ ಅರ್ಥವಿಲ್ಲದ್ದಲ್ಲ. ಒಂದೇ ಅಜ್ಜ ಅಜ್ಜಿಯ ಬೇರೆ ಬೇರೆ ಮಕ್ಕಳಿಗೆ ಹುಟ್ಟಿದ ಮೊಮ್ಮಕ್ಕಳು ಸರಾಸರಿ ಎಂಟನೆಯ ಒಂದು ಪಾಲು ಡಿಎನ್ಎ ಹಂಚಿಕೊಳ್ಳುತ್ತಾರೆ. ಒಂದೊಂದು ತಲೆಮಾರು ದೂರವಾದಂತೆ ಆ ಪಾಲು ನಾಲ್ಕರಲ್ಲಿ ಒಂದಾಗಿ ಇಳಿಯುತ್ತದೆ. ತಮ್ಮನ್ನೂ ಸೇರಿಸಿ ಏಳು ಎಣಿಸಿದಾಗ ಸಿಗುವ ದಂಪತಿಯ ಸಂತತಿಯಲ್ಲಿ ಅದು 2,048ರಲ್ಲಿ ಒಂದು ಪಾಲಷ್ಟೇ. ಅಷ್ಟು ದೂರದ ದಾಯಾದಿಗಳ ನಡುವೆ ಎಷ್ಟೋ ಸಲ ಗುರುತಿಸಬಹುದಾದ ಹಂಚಿಕೆಯೇ ಇರುವುದಿಲ್ಲ.

ಇನ್ನೊಂದು ಕಡೆ ಸೋದರಮಾವನ ಮಗಳು. ಗೋತ್ರ ಬೇರೆ, ಡಿಎನ್ಎ ಹಂಚಿಕೆ ಎಂಟನೆಯ ಒಂದು. ಗೋತ್ರದ ಜರಡಿಯಲ್ಲಿ ಇದು ಸಿಕ್ಕುವುದೇ ಇಲ್ಲ. ದಕ್ಷಿಣದವರಿಗೆ ಈ ಮದುವೆಯ ರೂಢಿಯಿದೆ ಎಂದು ಬೌಧಾಯನ ಧರ್ಮಸೂತ್ರವೇ ಹೇಳಿದೆ. ವಿಜಯನಗರದ ಕಾಲದ ‘ಪರಾಶರ ಮಾಧವೀಯ’ ಅದನ್ನು ಸಮರ್ಥಿಸಿತು. ನೇಪಾಳದ ಬಾಹುನರಿಗೆ, ಅಂದರೆ ಬೆಟ್ಟಸೀಮೆಯ ಬ್ರಾಹ್ಮಣರಿಗೆ, ಇದು ಕಿವಿ ಮುಚ್ಚಿಕೊಳ್ಳುವ ಮಾತು. ಆದರೆ ಅಲ್ಲಿಯ ಠಕುರಿ ಎಂಬ ಕ್ಷತ್ರಿಯ ಪಂಗಡದಲ್ಲಿ ಮಾವನ ಮಗಳನ್ನು ತರುವ ಪದ್ಧತಿಯುಂಟು. ಗೋತ್ರ ಒಂದೇ ಶಾಸ್ತ್ರದ್ದಾದರೂ ಮದುವೆಯ ರೂಢಿ ಆಯಾ ನೆಲದ್ದು.

ಗೋತ್ರವನ್ನು ನಂಬಿ ಕೂರದೆ ಸಪಿಂಡದ ಲೆಕ್ಕವನ್ನು ಬರೆದೇ ಇಟ್ಟವರು ಮಿಥಿಲೆಯವರು. ಅಲ್ಲಿಯೂ ಕನ್ನಡದ ಎಳೆಯೊಂದಿದೆ. 1097ರಲ್ಲಿ ನಾನ್ಯದೇವ ಕಟ್ಟಿದ ಕರ್ಣಾಟ ವಂಶದ ರಾಜಧಾನಿ ಸಿಮ್ರೌನಗಢ ಇಂದು ದಕ್ಷಿಣ ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಚಾಲುಕ್ಯ ಸೇನೆಯ ಜೊತೆ ಉತ್ತರಕ್ಕೆ ಹೋದ ಕನ್ನಡಿಗರ ಪೀಳಿಗೆ ಇದು ಎಂಬುದು ಇತಿಹಾಸಕಾರರ ಊಹೆ. ಆ ವಂಶದ ಕೊನೆಯ ದೊಡ್ಡ ದೊರೆ ಹರಿಸಿಂಹದೇವ 14ನೆಯ ಶತಮಾನದ ಆರಂಭದಲ್ಲಿ ಮೈಥಿಲ ಬ್ರಾಹ್ಮಣರ ವಂಶಾವಳಿಗಳನ್ನು ದಾಖಲಿಸುವ ‘ಪಂಜಿ’ ಪದ್ಧತಿ ತಂದನೆಂದು ಪರಂಪರೆ ಹೇಳುತ್ತದೆ. ಝಾ, ಮಿಶ್ರ ಎಂಬ ಅಡ್ಡಹೆಸರುಗಳಿಂದ ಅಲ್ಲಿ ಏನೂ ಬಗೆಹರಿಯುವುದಿಲ್ಲ. ಪಂಜಿಕಾರ ಹಳೆಯ ಹಾಳೆಗಳನ್ನು ಬಿಚ್ಚಿ, ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರು ನೋಡಿ, ಸಂಬಂಧವಿಲ್ಲ ಎಂದು ಬರೆದುಕೊಟ್ಟ ಮೇಲೆಯೇ ಮದುವೆ ಎಂಬುದು ಅಲ್ಲಿಯ ಸಂಪ್ರದಾಯ. ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಅದೇ ಏಳು, ಅದೇ ಐದು!

ಕುಲದ ಗುರುತು ತಂದೆಯಿಂದಲೇ ಬರಬೇಕೆಂದೇನೂ ಇಲ್ಲ. ತುಳುನಾಡಿನ ‘ಬರಿ’ ತಾಯಿಯಿಂದ ಬರುತ್ತದೆ, ತಾಯಿಯಿಂದಲೇ ಮಕ್ಕಳಿಗೆ ಸಾಗುವ ಮೈಟೊಕಾಂಡ್ರಿಯಾದ ಡಿಎನ್ಎ ಹಾಗೆ. ಪೂರ್ವ ನೇಪಾಳದ ಲಿಂಬೂ ಜನರಲ್ಲಿ ‘ಕಾಶಿ ಗೋತ್ರ’ ಮತ್ತು ‘ಲ್ಹಾಸಾ ಗೋತ್ರ’ ಎಂಬ ಎರಡು ಪಂಗಡಗಳಿವೆ. ಒಂದು ಗುಂಪಿನ ಹಿರಿಯರು ಗಂಗೆಯ ಬಯಲಿನಿಂದ ಬಂದರು, ಇನ್ನೊಂದರವರು ಟಿಬೆಟ್ಟಿನಿಂದ ಬಂದರು ಎಂಬ ನೆನಪು ಅದು. ಅಲ್ಲಿ ಗೋತ್ರ ಎಂದರೆ ಋಷಿಯಲ್ಲ, ದಿಕ್ಕು.

ಇದೆಲ್ಲ ಬರೀ ಕುತೂಹಲದ ವಿಷಯವಾಗಿದ್ದರೆ ಚೆನ್ನಾಗಿತ್ತು. ಕುಂವರ್ ಥರದ ಜಂಗ್ ಬಹಾದುರ್ ನೇಪಾಳದ ಪ್ರಧಾನಿಯಾಗಿ ಅಧಿಕಾರ ಹಿಡಿದ ಮೇಲೆ ರಾಣಾ ಆದ, ಮೇವಾಡದ ರಜಪೂತರಿಂದ ತನ್ನ ವಂಶ ಬಂತೆಂದು ಹೇಳಿಕೊಂಡ. ತನ್ನ ಥರವನ್ನು ಹೀಗೆ ಬದಲಿಸಿಕೊಂಡವನೇ 1854ರ ಮುಲುಕಿ ಐನ್ ಎಂಬ ಕಾನೂನಿನಲ್ಲಿ ಇಡೀ ದೇಶದ ಜನರನ್ನು ಜನಿವಾರದವರು, ಮದ್ಯ ಸೇವಿಸುವವರು, ನೀರು ಮುಟ್ಟಿಸಿಕೊಳ್ಳಬಾರದವರು ಎಂದು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದ. ಒಂದೇ ತಪ್ಪಿಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಶಿಕ್ಷೆ. 1963ರ ಹೊಸ ಸಂಹಿತೆ ಆ ಏಣಿಯನ್ನು ಕಾನೂನಿನಿಂದ ತೆಗೆಯಿತು, 2011ರ ಕಾಯ್ದೆ ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವೆಂದು ಮತ್ತೆ ಸಾರಿತು. ಆದರೂ ಕಾಠ್ಮಂಡುವಿನಲ್ಲಿ ಬಾಡಿಗೆ ಕೋಣೆ ಹುಡುಕುವ ದಲಿತ ಯುವತಿಗೆ ಮೊದಲು ಎದುರಾಗುವ ಪ್ರಶ್ನೆ ಥರದ್ದೇ. ದಲಿತರಲ್ಲೂ ಕೊಯಿರಾಲಾ, ಘಿಮಿರೆ ಥರದವರಿದ್ದಾರೆ. ಥರ ಊರಿನ ಹೆಸರಾಗಿರುವಾಗ ಇದು ಸಹಜ: ಒಂದೇ ಊರಿನಿಂದ ಪುರೋಹಿತರೂ ಹೊರಟಿರುತ್ತಾರೆ, ಕಮ್ಮಾರರೂ ಹೊರಟಿರುತ್ತಾರೆ. ಮನೆ ಮಾಲೀಕರು ಅಷ್ಟಕ್ಕೆ ಬಿಡುವುದಿಲ್ಲ, ‘ಯಾವ ಘಿಮಿರೆ?’ ಎಂದು ಕೇಳುತ್ತಾರೆ. ಗೇಟಿನಲ್ಲಿ ನಾನು ಕೇಳಿಸಿಕೊಂಡ ಅದೇ ಪ್ರಶ್ನೆ, ಅಲ್ಲಿ ಬಾಗಿಲು ಹಾಕಲು ಬಳಕೆಯಾಗುತ್ತದೆ.

ಈ ವೈಶಾಖದಲ್ಲಿ ಬಗಾಲೆ ಥಾಪಾ ಅವರು ಕುಲಪೂಜೆಗೆಂದು ಊರಿಗೆ ಹೋದರು. ‘ದಾಜುಭಾಯಿ’ಗಳು, ಅಂದರೆ ಕುಲದ ಅಣ್ಣತಮ್ಮಂದಿರೆಲ್ಲ, ಸೇರಬೇಕು, ತಪ್ಪಿಸುವಂತಿಲ್ಲ ಎಂದರು. ಹನ್ನೆರಡು ದಿನ ಅವರ ರಾತ್ರಿ ಪಾಳಿಯನ್ನೂ ಮಗರ್ ಥಾಪಾ ಅವರೇ ಮಾಡಿದರು. ಹಾಜರಿ ಪುಸ್ತಕದಲ್ಲಿ ಆ ದಿನಗಳ ಹಾಳೆ ಬೇರೆ ದಿನಗಳ ಹಾಳೆಯಂತೆಯೇ ಇದೆ: ಹಗಲು, ಥಾಪಾ, ರಾತ್ರಿ, ಥಾಪಾ.